ಹಳೆಯ ಪಿಕಪ್ ಗಾಡಿಯಲ್ಲಿ ಬಂದು ಹೋಗುವ ಕರೆಂಟ್ ದೋಷ: ಹುಡುಕುವ ಕ್ರಮ



ನಮ್ಮ ಪತ್ರಿಕೆಯಲ್ಲಿ ಸಾಮಾನ್ಯವಾಗಿ ಗ್ಯಾಸ್, ದಿನಸಿ, ಕೆಲಸಗಾರರ ವಿಷಯ ಬರುತ್ತದೆ. ಈ ಸಲ ಗಾಡಿಯ ವಿಷಯ ಬರೆಯುತ್ತಿದ್ದೇನೆ. ಅಡುಗೆ ಎಷ್ಟು ಚೆನ್ನಾಗಿ ಮಾಡಿದರೂ ಗಾಡಿ ದಾರಿಯಲ್ಲಿ ನಿಂತರೆ ನಮ್ಮ ಹೆಸರು ಅಲ್ಲೇ ನಿಲ್ಲುತ್ತದೆ. ನಾನು ಮೆಕ್ಯಾನಿಕ್ ಅಲ್ಲ. ಹಣ ಕಳೆದುಕೊಂಡು ಕಲಿತದ್ದನ್ನು ಹೇಳುತ್ತೇನೆ.

2019ರ ಜೂನ್ ತಿಂಗಳು. ಎರ್ನಾಕುಲಂನಿಂದ ಆಲಪ್ಪುಳದ ಒಂದು ಮದುವೆಗೆ 400 ಜನರ ಬೆಳಗಿನ ತಿಂಡಿ. ನಮ್ಮ 2006ರ ಡೀಸೆಲ್ ಪಿಕಪ್ ನಸುಕಿನ ನಾಲ್ಕೂವರೆಗೆ ಹೊರಟಿತು. ಜೋರು ಮಳೆ, ಹೆಡ್‌ಲೈಟ್, ವೈಪರ್ ಎರಡೂ ಓಡುತ್ತಿತ್ತು. ಚೇರ್ತಲ ಸಮೀಪಿಸುವಾಗ ಲೈಟು ಎಣ್ಣೆ ದೀಪದ ಹಾಗೆ ಮಂಕಾಯಿತು. ಡ್ರೈವರ್ ಬದಿಗೆ ನಿಲ್ಲಿಸಿ ಇಂಜಿನ್ ಆಫ್ ಮಾಡಿದ. ಮತ್ತೆ ಸೆಲ್ಫ್ ಹೊಡೆಯಲಿಲ್ಲ. "ಸ್ವಾಮಿ, ಗಾಡಿ ಏಳುವುದಿಲ್ಲ" ಎಂದು ಫೋನ್ ಬಂತು. ಬೇರೆ ಗಾಡಿ ಹಿಡಿದು ಇಡ್ಲಿ, ಸಾಂಬಾರ್ ಬದಲಾಯಿಸಿ ತಲುಪುವಾಗ ಒಂದೂವರೆ ಗಂಟೆ ತಡ. ಬಿಸಿ ಪದಾರ್ಥ 60 ಡಿಗ್ರಿಗಿಂತ ಕೆಳಗೆ ಇಳಿಯಬಾರದು ಎಂಬುದು ನಮಗೆಲ್ಲ ಗೊತ್ತಿದೆ. ತೆಂಗಿನಕಾಯಿ ಚಟ್ನಿಯನ್ನು ಬಡಿಸಲು ಧೈರ್ಯ ಬಾರದೆ ಚೆಲ್ಲಿದೆವು. ಮದುವೆ ಮನೆಯವರು ಬಿಲ್ಲಿನಲ್ಲಿ ಹಿಡಿದುಕೊಂಡರು. ತಪ್ಪು ನಮ್ಮದೇ.

ವರ್ಕ್‌ಶಾಪಿನಲ್ಲಿ ಬ್ಯಾಟರಿ ಸತ್ತಿದೆ ಎಂದು ಹೊಸದು ಹಾಕಿಸಿದೆ. ಎರಡು ವಾರ ಸರಿ, ಮತ್ತೆ ಅದೇ ಕಥೆ. ಡೈನಮೋ ಬದಲಾಯಿಸಿದೆ. ಹತ್ತು ದಿನ ಸರಿ, ಮತ್ತೆ ಅದೇ. ವರ್ಕ್‌ಶಾಪಿಗೆ ಹೋದ ಕೂಡಲೇ ಗಾಡಿ ಒಳ್ಳೆಯ ಹುಡುಗನ ಹಾಗೆ ಸ್ಟಾರ್ಟ್ ಆಗುತ್ತಿತ್ತು. ಕೊನೆಗೆ ಒಬ್ಬ ಹಳೆಯ ಎಲೆಕ್ಟ್ರಿಷಿಯನ್ ಯಾವ ಸಾಮಾನನ್ನೂ ಬಿಚ್ಚದೆ ಮೊದಲು ಡ್ರೈವರನನ್ನು ಕೇಳಿದ: "ಯಾವಾಗ ಆಗುತ್ತದೆ?" ಆ ಪ್ರಶ್ನೆಯೇ ಈ ಲೇಖನದ ಪಾಠ.

ದೋಷ ಏಕೆ ಬಂದು ಹೋಗುತ್ತದೆ?

ಪೂರ್ತಿ ತುಂಡಾದ ವೈರು ಯಾವಾಗಲೂ ತುಂಡು. ಬಂದು ಹೋಗುವ ದೋಷಕ್ಕೆ ಸಾಮಾನ್ಯವಾಗಿ ಮೂರು ಕಾರಣ: ಅಲುಗಾಟ, ನೀರು, ಬಿಸಿ. ಹೊಂಡಕ್ಕೆ ಬಿದ್ದಾಗ ಸಡಿಲ ಜಾಯಿಂಟ್ ಬಿಡುತ್ತದೆ. ಮಳೆಯಲ್ಲಿ ಕನೆಕ್ಟರ್ ಒಳಗೆ ನೀರು ಸೇರುತ್ತದೆ. ಇಂಜಿನ್ ಬಿಸಿಯಾದಾಗ ಹಳೆಯ ರಿಲೇ ಅಥವಾ ಸವೆದ ಜಾಯಿಂಟ್ ಕೈಕೊಡುತ್ತದೆ.

ಕೇರಳದಲ್ಲಿ ಜೂನ್‌ನಲ್ಲಿ ಒಂದು ಮಳೆಗಾಲ, ಅಕ್ಟೋಬರ್‌ನಲ್ಲಿ ಇನ್ನೊಂದು. ಕೊಚ್ಚಿಯಿಂದ ತಿರುವನಂತಪುರಕ್ಕೆ ಹೋಗುವ ಹೆದ್ದಾರಿ, ಅಂದರೆ ಹಿಂದಿನ 47, ಈಗಿನ 66, ಬಹಳ ದೂರ ಕಡಲಿನ ಹತ್ತಿರವೇ ಸಾಗುತ್ತದೆ. ಉಪ್ಪು ಗಾಳಿ ತಾಮ್ರವನ್ನು ಹಸಿರಾಗಿಸುತ್ತದೆ. 2018ರ ಆಗಸ್ಟ್ ನೆರೆಯಲ್ಲಿ ನೀರು ಹೊಕ್ಕಿದ್ದ ಗಾಡಿಯನ್ನು ಸೆಕೆಂಡ್ ಹ್ಯಾಂಡ್ ಕೊಂಡಿದ್ದರೆ ಸೀಟಿನ ಕೆಳಗಿನ ಕನೆಕ್ಟರುಗಳನ್ನು ಖಂಡಿತ ಬಿಚ್ಚಿ ನೋಡಿ.

ನಮ್ಮ ವೃತ್ತಿಯದೇ ಇನ್ನೊಂದು ಕಾರಣ ಉಂಟು. ಡಬರಿಯಿಂದ ತುಳುಕಿದ ಸಾಂಬಾರ್, ರಸಂ ಉಪ್ಪು ಹುಳಿ ಸೇರಿದ ನೀರು. ಅದು ಹಲಗೆಯ ಸಂದಿಯಿಂದ ಇಳಿದು ಹಿಂದಿನ ಲೈಟಿನ ವೈರಿಗೆ ಹೋಗುತ್ತದೆ. ಅನ್ನದ ಅಗುಳು ಬಿದ್ದಲ್ಲಿ ಇಲಿ ಬರುತ್ತದೆ, ವೈರು ಕಡಿಯುತ್ತದೆ.

ಹುಡುಕುವ ಕ್ರಮ

1. ಪುಸ್ತಕ ಇಡಿ. ಡ್ರೈವರ್ ಬಳಿ ಒಂದು ನೋಟ್‌ಬುಕ್ ಇರಲಿ. ದೋಷ ಬಂದಾಗ ಗಂಟೆ, ಮಳೆಯೋ ಬಿಸಿಲೋ, ಇಂಜಿನ್ ಬಿಸಿಯೋ ತಣ್ಣಗೋ, ಯಾವ ಯಾವ ಸ್ವಿಚ್ ಆನ್ ಇತ್ತು, ಹೊಂಡಕ್ಕೆ ಬಿದ್ದಿತೇ ಎಂದು ಬರೆಯಲಿ. ಐದು ಸಲ ಬರೆದರೆ ಅರ್ಧ ದಾರಿ ಕಾಣುತ್ತದೆ.

2. ಬ್ಯಾಟರಿ ಟರ್ಮಿನಲ್. ಕೈಯಲ್ಲಿ ತಿರುಗಿಸಿದರೆ ಅಲುಗಬಾರದು. ಬಿಳಿ, ಹಸಿರು ಪುಡಿ ಇದ್ದರೆ ಬಿಸಿ ನೀರಿಗೆ ಅಡುಗೆ ಸೋಡಾ ಹಾಕಿ ತೊಳೆದು, ಒಣಗಿಸಿ, ಬಿಗಿ ಮಾಡಿ, ಮೇಲೆ ವ್ಯಾಸಲೀನ್ ಹಚ್ಚಿ. ಸೋಡಾ ನೀರು ಬ್ಯಾಟರಿಯ ಒಳಗೆ ಹೋಗಬಾರದು. ಬಿಚ್ಚುವಾಗ ಮೊದಲು ಮೈನಸ್, ಜೋಡಿಸುವಾಗ ಕೊನೆಗೆ ಮೈನಸ್. ಇಲ್ಲವಾದರೆ ಸ್ಪ್ಯಾನರ್ ಬಾಡಿಗೆ ತಾಗಿ ಕಿಡಿ ಹಾರುತ್ತದೆ.

3. ಮೀಟರ್. ಒಂದು ಸಾಧಾರಣ ಮಲ್ಟಿಮೀಟರ್ ಸಾಕು. ಡಿ.ಸಿ. 20 ವೋಲ್ಟ್‌ನಲ್ಲಿ ಇಡಿ. ರಾತ್ರಿ ನಿಂತ ಒಳ್ಳೆಯ ಬ್ಯಾಟರಿ ಬೆಳಿಗ್ಗೆ 12.6ರ ಆಸುಪಾಸು ತೋರಿಸಬೇಕು. ಇಂಜಿನ್ ಓಡುವಾಗ ಬ್ಯಾಟರಿಯಲ್ಲಿ 13.8ರಿಂದ 14.4 ಇರಬೇಕು. ಹೆಡ್‌ಲೈಟ್ ಹಾಕಿ ಸ್ವಲ್ಪ ರೇಸ್ ಕೊಟ್ಟಾಗಲೂ 13.5ಕ್ಕಿಂತ ಕೆಳಗೆ ಇರಬಾರದು.

4. ಅರ್ತ್. ಹೆಚ್ಚಿನವರು ಮರೆಯುವುದು ಇದನ್ನೇ. ಕರೆಂಟ್ ಹೋದ ಹಾಗೆ ತಿರುಗಿ ಬರಲೂ ದಾರಿ ಬೇಕು. ಗಾಡಿಯಲ್ಲಿ ಆ ದಾರಿ ಬಾಡಿ, ಚಾಸಿ ಮತ್ತು ಇಂಜಿನ್ನಿಗೆ ಕಟ್ಟಿದ ಅರ್ತ್ ಪಟ್ಟಿ. ಇಂಜಿನ್ ಓಡುತ್ತಿರುವಾಗ, ಲೈಟು ಹಾಕಿ, ಮೀಟರಿನ ಒಂದು ಕಡ್ಡಿ ಬ್ಯಾಟರಿಯ ಮೈನಸ್‌ಗೆ, ಇನ್ನೊಂದು ಇಂಜಿನ್ನಿನ ಬರಿ ಲೋಹಕ್ಕೆ ಇಡಿ. 0.2 ವೋಲ್ಟ್‌ಗಿಂತ ಹೆಚ್ಚಿದ್ದರೆ ಅರ್ತ್ ಸರಿ ಇಲ್ಲ.

ನಮ್ಮ ಗಾಡಿಯಲ್ಲಿ ಡೈನಮೋದಲ್ಲಿಯೇ ಅಳೆದರೆ 14, ಬ್ಯಾಟರಿಯಲ್ಲಿ ಅಳೆದರೆ ಬರಿ 12.2. ನಡುವಿನದು ಅರ್ತ್ ಪಟ್ಟಿಯಲ್ಲಿ ಹೋಗಿತ್ತು. ಪಟ್ಟಿಯ ಮೇಲೆ ಕಪ್ಪು ಕೊಳವೆ ಇದ್ದುದರಿಂದ ಹೊರಗೆ ಚೆನ್ನಾಗಿಯೇ ಕಾಣುತ್ತಿತ್ತು. ಒಳಗೆ ಎಳೆಗಳು ತುಂಡಾಗಿ ಕೆಲವೇ ಉಳಿದಿದ್ದವು. ಡೈನಮೋ ಕರೆಂಟ್ ಮಾಡುತ್ತಿತ್ತು, ಅದು ಬ್ಯಾಟರಿಗೆ ಸೇರುತ್ತಿರಲಿಲ್ಲ. ಹೊಸ ಬ್ಯಾಟರಿ ಇರುವಷ್ಟು ದಿನ ತನ್ನ ಬಲದಿಂದ ದೂಡಿತು, ಅಷ್ಟೇ. ಅರ್ತ್ ಪಟ್ಟಿಯ ಬೆಲೆ ಆ ಬ್ಯಾಟರಿ, ಡೈನಮೋ ಬೆಲೆಯ ಮುಂದೆ ಏನೂ ಅಲ್ಲ.

ಇನ್ನೆರಡು ಸೂಚನೆ: ಸೆಲ್ಫ್ ಹೊಡೆಯುವಾಗ ಎಕ್ಸಿಲೇಟರ್ ಕೇಬಲ್ ಬಿಸಿಯಾದರೆ ಇಂಜಿನ್ ಅರ್ತ್ ಕೆಟ್ಟಿದೆ ಎಂದು ತಿಳಿಯಿರಿ. ಬ್ರೇಕ್ ಒತ್ತಿದಾಗ ಹಿಂದಿನ ಇಂಡಿಕೇಟರ್ ಮಂಕಾಗಿ ಉರಿದರೆ ಆ ಲೈಟಿನ ಅರ್ತ್ ಕೆಟ್ಟಿದೆ. ಅರ್ತ್ ಬೋಲ್ಟ್ ಬಿಚ್ಚಿ, ತುಕ್ಕು, ಪೇಂಟ್ ಉಜ್ಜಿ ತೆಗೆದು ಬಿಗಿ ಮಾಡಬೇಕು.

5. ಅಲುಗಾಡಿಸಿ ನೋಡಿ. ದೋಷ ಇರುವ ಲೈಟನ್ನು ಆನ್ ಮಾಡಿ, ಇಂಜಿನ್ ಆಫ್ ಇಟ್ಟು, ವೈರಿನ ಕಟ್ಟನ್ನು ಗೇಣು ಗೇಣಾಗಿ ಮೆಲ್ಲಗೆ ಅಲುಗಾಡಿಸುತ್ತಾ ಹೋಗಿ. ಇನ್ನೊಬ್ಬರು ಲೈಟ್ ನೋಡುತ್ತಿರಲಿ. ಮಿನುಗಿದ ಜಾಗದಲ್ಲೇ ದೋಷ.

6. ಫ್ಯೂಸ್, ರಿಲೇ. ಫ್ಯೂಸ್ ಕಾಲು ಕಪ್ಪಾಗಿದೆಯೇ, ಹಿಡಿತ ಸಡಿಲವೇ ನೋಡಿ. ಒಂದೇ ನಂಬರಿನ ಎರಡು ರಿಲೇ ಇದ್ದರೆ ಅದಲು ಬದಲು ಮಾಡಿ. ದೋಷವೂ ಜೊತೆಗೆ ಹೋದರೆ ರಿಲೇ ಕೆಟ್ಟಿದೆ.

ಮಾಡಬಾರದ್ದು

ಫ್ಯೂಸ್ ಪದೇ ಪದೇ ಹೋಗುತ್ತದೆಂದು 10 ಆಂಪಿಯರ್ ಜಾಗಕ್ಕೆ 30 ಹಾಕಬೇಡಿ, ತಂತಿ ಸುತ್ತಬೇಡಿ. ಆಗ ಫ್ಯೂಸಿನ ಬದಲು ವೈರು ಸುಡುತ್ತದೆ. ನಮ್ಮ ಗಾಡಿಯಲ್ಲಿ ಎಷ್ಟೋ ಸಲ ಗ್ಯಾಸ್ ಸಿಲಿಂಡರ್ ಇರುತ್ತದೆ, ನೆನಪಿರಲಿ. ವೈರುಗಳನ್ನು ತಿರುಚಿ ಟೇಪ್ ಸುತ್ತಿದ ಜಾಯಿಂಟ್ ಒಂದು ಮಳೆಗಾಲ ಬಾರದು. ಮುಖ್ಯವಾಗಿ, ಅಳೆಯದೆ ಸಾಮಾನು ಬದಲಾಯಿಸಬೇಡಿ.

ಈಗ ನಮ್ಮಲ್ಲಿ ಮೇ ಕೊನೆಗೆ ಒಮ್ಮೆ, ಓಣಂ ಸದ್ಯದ ಆರ್ಡರ್ ಶುರುವಾಗುವ ಮೊದಲು ಒಮ್ಮೆ ಈ ಪರೀಕ್ಷೆ ಮಾಡುತ್ತೇವೆ. ಅರ್ಧ ಗಂಟೆಯ ಕೆಲಸ. ಡಬರಿಗಳ ಕೆಳಗೆ ಅಂಚಿರುವ ತಟ್ಟೆ ಇಡುತ್ತೇವೆ. ಗಾಡಿ ತೊಳೆಯುವ ಹುಡುಗನಿಗೆ ಹಿಂದಿನ ಲೈಟಿನ ಮೇಲೆ ಪೈಪ್ ಹಿಡಿಯಬೇಡ ಎಂದು ಹೇಳಿದ್ದೇವೆ.

ಡ್ರೈವರ್ "ಲೈಟು ಸ್ವಲ್ಪ ಮಂಕು" ಎಂದಾಗ "ಆಮೇಲೆ ನೋಡುವ" ಎಂದವನು ನಾನೇ. ಚೇರ್ತಲದ ಘಟನೆಗೆ ಒಂದು ವಾರ ಮೊದಲು ಅವನು ಹಾಗೆ ಹೇಳಿದ್ದ. ತಾವು ಆ ತಪ್ಪು ಮಾಡಬೇಡಿ.