ಸಂಖ್ಯೆಗಳ ಗಿರಣಿ

ಪ್ರಾಥಮಿಕ ಶಾಲೆಯ ಮಗುವಿಗೆ ‘ಫಲನ’ವನ್ನು ಕಲಿಸಬಹುದೆಂದರೆ ನಮ್ಮಲ್ಲಿ ಅನೇಕರು ನಕ್ಕಾರು. ಇಂಗ್ಲಿಷಿನವರು ಫಂಕ್ಷನ್ ಎನ್ನುವ ಆ ಮಾತನ್ನು ಪದವಿಪೂರ್ವ ತರಗತಿಯಲ್ಲಿ ಕೇಳಿ ಬೆದರಿದವರು ಈ ಕಾಲೇಜಿನಲ್ಲಿ ಕಡಮೆಯಿಲ್ಲ. ಆ ಬೆದರಿಕೆಯಿಂದಲೇ ಕಲಾ ವಿಭಾಗಕ್ಕೆ ಬಂದವರೂ ಇದ್ದಾರು. ಆದರೆ ಒಂದು ಸಂಖ್ಯೆಯನ್ನು ಕೊಟ್ಟರೆ ಗೊತ್ತಾದ ನಿಯಮದಂತೆ ಒಂದೇ ಒಂದು ಉತ್ತರ ದೊರೆಯಬೇಕು, ಶಾಲೆಯ ಮಟ್ಟಿಗೆ ಫಲನವೆಂದರೆ ಇಷ್ಟೇ. ಎಂಟು ವರ್ಷದ ಮಗುವಿಗೆ ಇದರಲ್ಲಿ ತಿಳಿಯದಿರುವುದು ಅದರ ಹೆಸರೊಂದೇ.

ಆದುದರಿಂದ ಹೆಸರನ್ನು ಬದಿಗಿಟ್ಟು ಯಂತ್ರವನ್ನು ತೋರಿಸುವುದು ಮೇಲು. ನಮ್ಮ ಊರಿನ ಮಕ್ಕಳೆಲ್ಲರೂ ಹಿಟ್ಟಿನ ಗಿರಣಿಯನ್ನು ಕಂಡವರು. ಮೇಲೆ ರಾಗಿ ಸುರಿದರೆ ಕೆಳಗೆ ರಾಗಿಹಿಟ್ಟು, ಜೋಳ ಸುರಿದರೆ ಜೋಳದ ಹಿಟ್ಟು. ಒಳಗಿನ ಕೆಲಸ ಕಣ್ಣಿಗೆ ಕಾಣದು. ಆದರೆ ಯಾವ ಕಾಳಿಗೂ ನಡೆಯುವ ಕೆಲಸ ಅದೊಂದೇ. ಕಾಳಿನ ಬದಲು ಸಂಖ್ಯೆಯನ್ನು ಸುರಿದರೆ ಏನಾದೀತು ಎಂದು ಕೇಳಿದರೆ ಪಾಠ ಆರಂಭವಾದಂತೆಯೇ.

ಕಳೆದ ದಸರಾ ರಜೆಯಲ್ಲಿ ಮೂರು ನಾಲ್ಕನೆಯ ತರಗತಿಯ ಏಳೆಂಟು ಮಕ್ಕಳನ್ನು ನಮ್ಮ ಮನೆಯ ಜಗಲಿಯಲ್ಲಿ ಕೂಡಿಸಿಕೊಂಡು ಇದನ್ನು ಮಾಡಿ ನೋಡಿದೆ. ಚಪ್ಪಲಿಯ ರಟ್ಟಿನ ಪೆಟ್ಟಿಗೆಯೊಂದನ್ನು ನೆಟ್ಟಗೆ ನಿಲ್ಲಿಸಿ, ಮೇಲೊಂದು ಕೆಳಗೊಂದು ಸೀಳು ಕೊಯ್ದು, ಒಳಗೆ ಬಾಗಿದ ದಪ್ಪ ಕಾಗದವನ್ನು ಅಂಟಿಸಿದೆ. ಮೇಲೆ ಹಾಕಿದ ಚೀಟಿ ಒಳಗೆ ಮಗುಚಿಕೊಂಡು ಕೆಳಗೆ ಜಾರಿ ಬರುತ್ತದೆ. ಮುಂಬದಿಯಲ್ಲಿ 5 ಎಂದೂ ಹಿಂಬದಿಯಲ್ಲಿ 8 ಎಂದೂ ಬರೆದಿಟ್ಟರೆ, 5 ಒಳಗೆ ಹೋಗಿ 8 ಹೊರಗೆ ಬಂದಂತೆ ಕಾಣುತ್ತದೆ. ಎರಡು ದಿನ ಮಕ್ಕಳು ಯಂತ್ರವನ್ನು ನಂಬಿದರು. ಮೂರನೆಯ ದಿನ ಒಬ್ಬ ಹುಡುಗ ಚೀಟಿಯನ್ನು ತಿರುಗಿಸಿ ನೋಡಿ ಗುಟ್ಟನ್ನು ಬಯಲು ಮಾಡಿದ. ಇದರಿಂದ ಒಳಿತೇ ಆಯಿತು. ಅಂದಿನಿಂದ ನಿಯಮವನ್ನು ಗೊತ್ತುಮಾಡಿ ಚೀಟಿ ಬರೆಯುವ ಕೆಲಸವನ್ನು ಅವರೇ ವಹಿಸಿಕೊಂಡರು.

ನಿಯಮವನ್ನು ಮೊದಲೇ ಹೇಳಿ ಉತ್ತರ ಕೇಳುವುದು ಸುಲಭ. ಅದು ಕೂಡುವ, ಗುಣಿಸುವ ಅಭ್ಯಾಸ ಮಾತ್ರ. ಅದಕ್ಕಾಗಿ ಪೆಟ್ಟಿಗೆ ಕೊಯ್ಯಬೇಕಾಗಿಲ್ಲ. ನಿಯಮವನ್ನು ಮುಚ್ಚಿಟ್ಟು ಹುಡುಕಿಸುವುದರಲ್ಲಿ ಸ್ವಾರಸ್ಯವಿದೆ. ನಾನು ಬೇಕೆಂದೇ 2 ರಿಂದ ತೊಡಗಿದೆ. 2 ಹೋಯಿತು, 4 ಬಂದಿತು. “ಎರಡರಷ್ಟು!” ಎಂದು ಮೂವರು ಕೂಗಿದರು, “ಎರಡು ಕೂಡಿಸೋದು!” ಎಂದರು ಉಳಿದವರು. ಅದನ್ನು ಅದರಿಂದಲೇ ಗುಣಿಸಿದರೂ 4 ಬರುತ್ತದೆಂದು ಯಾರಿಗೂ ಹೊಳೆಯಲಿಲ್ಲ. ಆ ಗುಂಪಿನಲ್ಲಿ, ಮಗ್ಗಿ ಒಪ್ಪಿಸಲಾರದೆ ದಡ್ಡಿಯೆನಿಸಿಕೊಂಡ ಹುಡುಗಿಯೊಬ್ಬಳಿದ್ದಳು. ಅವಳು ಮಾತ್ರ, “ಇನ್ನೊಂದು ಚೀಟಿ ಹಾಕಣ್ಣ, ಆಮೇಲೆ ಹೇಳ್ತೀನಿ” ಎಂದಳು. ಒಂದು ಉದಾಹರಣೆಯಿಂದ ನಿಯಮ ನಿಶ್ಚಯವಾಗದೆಂಬ ಈ ಅರಿವು ಪದವಿ ತರಗತಿಯ ಎಷ್ಟು ಜನರಲ್ಲಿದೆಯೋ ನಾನರಿಯೆ. ಅರ್ಥಶಾಸ್ತ್ರದ ನಮ್ಮ ಚರ್ಚೆಗಳಲ್ಲಿ ಒಂದು ವರ್ಷದ ಬೆಲೆಯನ್ನು ಹಿಡಿದು ಸಿದ್ಧಾಂತ ಕಟ್ಟುವವರನ್ನು ದಿನವೂ ಕಾಣುತ್ತೇವೆ.

ಮುಂದೆ ಯಾವ ಚೀಟಿ ಹಾಕಬೇಕೆಂಬುದನ್ನೂ ಮಕ್ಕಳಿಗೇ ಬಿಡಬೇಕು. 0 ಹಾಕಿದರೆ ಎರಡರಷ್ಟಾದರೂ 0, ತನ್ನಿಂದ ತಾನೇ ಗುಣಿಸಿದರೂ 0; ಜಗಳ ತೀರದು. 1 ಹಾಕಿದರೆ ಕ್ರಮವಾಗಿ 2, 3, 1 ಬಂದು ಮೂರು ನಿಯಮಗಳೂ ಬೇರೆ ಬೇರೆಯಾಗುತ್ತವೆ. ಇದನ್ನು ಕಂಡುಕೊಂಡ ಮಗು ಲೆಕ್ಕ ಮಾಡುವುದರ ಜೊತೆಗೆ ಪರೀಕ್ಷಿಸುವುದನ್ನೂ ಕಲಿತಿರುತ್ತದೆ.

ಇನ್ನು ಎರಡು ಯಂತ್ರಗಳನ್ನು ಸಾಲಾಗಿ ಇಡೋಣ. 4ಕ್ಕೆ 3 ಕೂಡಿಸಿ ಎರಡರಷ್ಟು ಮಾಡಿದರೆ 14. ಎರಡರಷ್ಟು ಮಾಡಿ 3 ಕೂಡಿಸಿದರೆ 11. ಯಂತ್ರಗಳು ಅವೇ, ಸಾಲು ಬದಲಾದರೆ ಫಲ ಬೇರೆ. ಹಾಗಾದರೆ ಮೊದಲಿನ ಸಾಲಿನಿಂದ 14 ಹೊರಬಂದಿದ್ದರೆ ಒಳಹೋದದ್ದು ಯಾವುದು? ಕಡೆಯ ಯಂತ್ರದಿಂದ ಹಿಂದಕ್ಕೆ ನಡೆಯಬೇಕು: ಅರ್ಧ ಮಾಡಿದರೆ 7, 3 ಕಳೆದರೆ 4. ಈ ವಿಲೋಮ ಮಾರ್ಗ ನಮ್ಮವರಿಗೆ ಹೊಸದಲ್ಲ. ಗುಣಾಕಾರವಿದ್ದಲ್ಲಿ ಭಾಗಾಕಾರ, ಕೂಡಿದ್ದಲ್ಲಿ ಕಳೆ ಎಂಬ ಕ್ರಮವನ್ನು 499ರಲ್ಲಿ ಆರ್ಯಭಟನು ಹೇಳಿದ್ದಾನೆ. 1150ರ ‘ಲೀಲಾವತಿ’ಯಲ್ಲಿ ಭಾಸ್ಕರಾಚಾರ್ಯನೂ ಇದನ್ನು ವಿವರಿಸಿದ್ದಾನೆ. ಪ್ರೌಢಶಾಲೆಯ ಸಮೀಕರಣದಲ್ಲಿ ಅಕ್ಷರವೊಂದು ದಿಢೀರನೆ ಎದುರು ನಿಂತಾಗ ಎಷ್ಟೋ ಮಕ್ಕಳು ಗಣಿತವನ್ನು ಕೈಬಿಡುತ್ತಾರೆ. ಯಂತ್ರವನ್ನು ಹಿಂದಕ್ಕೆ ತಿರುಗಿಸಿ ಬಲ್ಲ ಮಗುವಿಗೆ ಆ ಅಕ್ಷರವು ಪೆಟ್ಟಿಗೆಯೊಳಗೆ ಹೋದ, ಇನ್ನೂ ನೋಡದ ಚೀಟಿ, ಅಷ್ಟೆ.

ಫಲನಕ್ಕೆ ಇಂದು ನಾವು ಬರೆಯುವ ಸಂಕೇತವನ್ನು 1734ರಲ್ಲಿ ಬಳಕೆಗೆ ತಂದವನು ಆಯ್ಲರ್. ಅದು ಶಾಲೆಯ ಗಣಿತದ ಬೆನ್ನೆಲುಬಾಗಬೇಕೆಂದು 1905ರ ಮೆರಾನ್ ಪಠ್ಯಯೋಜನೆಯಲ್ಲಿ ಜರ್ಮನಿಯ ಫೆಲಿಕ್ಸ್ ಕ್ಲೈನ್ ಮೊದಲಾದವರು ವಾದಿಸಿದರು. ಅವರ ದೃಷ್ಟಿಯಿದ್ದುದು ಪ್ರೌಢಶಾಲೆಯ ಮೇಲೆ. 1960ರ ದಶಕದ ‘ಹೊಸ ಗಣಿತ’ದ ಚಳವಳಿಯೊಡನೆ ಆ ವಿಚಾರ ಕೆಳಗಿನ ತರಗತಿಗಳಿಗೂ ಇಳಿಯಿತು.

ಮುಂದೆ ಬಿ.ಎಡ್.ಗೆ ಹೋಗಲಿರುವ ಮಿತ್ರರಿಗೆ ಇನ್ನೊಂದು ಯಂತ್ರವನ್ನು ಸೂಚಿಸುತ್ತೇನೆ. ಯಾವ ಸಂಖ್ಯೆ ಹಾಕಿದರೂ ಅದರ ಬಿಡಿಸ್ಥಾನದ ಅಂಕಿಯನ್ನಷ್ಟೇ ಹೊರಕ್ಕೆ ಕೊಡುವ ಯಂತ್ರವದು. 47 ಹೋದರೆ 7, 130 ಹೋದರೆ 0. ಮುಂದಕ್ಕೆ ಇದು ನಿರ್ದುಷ್ಟವಾಗಿ ನಡೆಯುತ್ತದೆ. ಒಂದು ಸಂಖ್ಯೆಗೆ ಒಂದೇ ಉತ್ತರ. ಹಿಂದಕ್ಕೆ ತಿರುಗಿಸಹೋದರೆ ನಿಲ್ಲುತ್ತದೆ. 7 ಬಂದಿದೆ, ಹೋದದ್ದು ಯಾವುದೆಂದು ನಾನು ಕೇಳಿದಾಗ ಮಕ್ಕಳು ಇದು ಮೋಸವೆಂದು ಗಲಾಟೆ ಮಾಡಿದರು. ಆ ಮಗ್ಗಿ ಬಾರದ ಹುಡುಗಿ ಗಲಾಟೆಗೆ ಸೇರದೆ ಹಲಗೆಯ ಮೇಲೆ 7, 17, 27, 37 ಎಂದು ಬರೆಯುತ್ತ ಹೋಗಿ, ಜಾಗ ಸಾಲದೆ ಹಲಗೆಯನ್ನು ತಿರುವಿ ಹಾಕಿ ಮತ್ತೆ ಬರೆಯತೊಡಗಿದಳು.