ಚೀಟಿಯಲ್ಲಿ ಏನು ಬರೆದಿದ್ದಾರೆ, ಓದಿಸಿಕೋ

ತಮ್ಮಾ, ಅಪಘಾತದಲ್ಲಿ ಮುರಿದ ಅಪ್ಪನ ಕಾಲಿಗೆ ರಾಡು ಹಾಕಿದ್ದಾರೆ, ಇನ್ನೊಂದು ವಾರಕ್ಕೆ ಮನೆಗೆ ಕಳಿಸುತ್ತಾರೆ ಎಂದು ನಿಮ್ಮವ್ವ ಫೋನಿನಲ್ಲಿ ಹೇಳಿದಳು. ಜೀವ ಉಳಿಯಿತು, ಅಷ್ಟು ಸಾಕು ಎನ್ನುವ ನಿನ್ನ ಮಾತು ಸರಿಯೇ. ಆದರೆ ಒಂದು ವರ್ಷ ಮಗ್ಗ ನಿಂತರೆ ಆ ಮಾತಿನಿಂದ ಒಲೆ ಉರಿಯುವುದಿಲ್ಲ. ಕೋರ್ಟಿನಲ್ಲಿ ಗುಮಾಸ್ತನಾಗಿ ಅಪಘಾತದ ಕಡತ ಕಟ್ಟುತ್ತಲೇ ತಲೆ ಹಣ್ಣಾದವನು ನಾನು. ನೀನು ಕೇಳದಿದ್ದರೂ ಹೇಳುತ್ತೇನೆ. ಪರಿಹಾರದ ಕೇಸು ಕಟಕಟೆಯಲ್ಲಿ ನಿಂತು ಅತ್ತರೆ ಗೆಲ್ಲುವುದಿಲ್ಲ. ನಿಮ್ಮ ಬಗ್ಗೆ ಡಾಕ್ಟರು, ಪೊಲೀಸರು, ಸಾವಕಾರರು ಏನು ಬರೆದಿಟ್ಟಿದ್ದಾರೋ ಅದರ ಮೇಲೆಯೇ ಅದು ನಿಲ್ಲುವುದು.

ಮೊದಲು ನೋಡಬೇಕಾದದ್ದು, ದವಾಖಾನೆಗೆ ತಂದ ರಾತ್ರಿ ಬರೆದ ಎಂಎಲ್‌ಸಿ ಚೀಟಿ, ಅಂದರೆ ಗಾಯ ಹೇಗಾಯಿತು ಎಂದು ಡಾಕ್ಟರು ಬರೆದಿಡುವ ಟಿಪ್ಪಣಿ. ಹೇಗಾಯಿತು ಎಂದು ಡಾಕ್ಟರು ಕೇಳುತ್ತಾರೆ. ಎತ್ತಿಕೊಂಡು ಬಂದವನ ಕೈಯೆಲ್ಲ ರಕ್ತ, ಎದೆ ಡವಡವ. ‘ಗಾಡಿ ಮ್ಯಾಲಿಂದ ಬಿದ್ದಾನ್ರೀ’ ಅಂದುಬಿಡುತ್ತಾನೆ. ಹಿಂದಿನಿಂದ ಲಾರಿ ಗುದ್ದಿದ್ದಕ್ಕೆ ಬಿದ್ದ ಎನ್ನುವ ಮುಖ್ಯ ಮಾತು ಬಾಯಲ್ಲೇ ಉಳಿಯುತ್ತದೆ. ಡಾಕ್ಟರು ಕೇಳಿದಷ್ಟನ್ನೇ ಬರೆಯುತ್ತಾರೆ, ಅದು ಅವರ ತಪ್ಪಲ್ಲ. ವರ್ಷದ ಮೇಲೆ ವಿಮಾ ಕಂಪನಿಯ ವಕೀಲರು ಆ ಒಂದೇ ಸಾಲನ್ನು ಹಿಡಿದು, ತಾನೇ ಬಿದ್ದವನು ಲಾರಿಯನ್ನು ಆಮೇಲೆ ತಂದು ಸೇರಿಸಿದ್ದಾನೆ ಎಂದು ವಾದ ಹೂಡುತ್ತಾರೆ. ಅದಕ್ಕೇ ಆ ಚೀಟಿಯನ್ನು ಇವತ್ತೇ ಓದಿಸಿಕೋ. ತಪ್ಪಿದ್ದರೆ ತಿದ್ದಿಸಲು ಹೋಗಬೇಡ. ತಿದ್ದಿದ ಕಾಗದ ಇನ್ನೂ ಕೆಟ್ಟದ್ದು. ನಡೆದದ್ದನ್ನು ನಡೆದ ಹಾಗೆ ಪೊಲೀಸರ ಮುಂದೆ ಹೇಳಿಕೆಯಾಗಿ ಬರೆಸು, ಅಪ್ಪ ಮಾತಾಡುವಂತಾದ ಕೂಡಲೇ ಅವನ ಹೇಳಿಕೆಯನ್ನೂ ಕೊಡಿಸು.

ಇಳಕಲ್ಲಿನಿಂದ ಹುನಗುಂದಕ್ಕೆ ಹೋಗುವ 50ನೇ ಹೆದ್ದಾರಿಯಲ್ಲಿ ಇಂಥದ್ದು ಆದಾಗಲೆಲ್ಲ ನಾಲ್ಕು ಮಂದಿ ಹಿರಿಯರು ಕೂಡಿ, ಇಪ್ಪತ್ತೋ ಮೂವತ್ತೋ ಸಾವಿರ ಕೊಡಿಸಿ, ‘ಪೊಲೀಸು ಗಿಲೀಸು ಬ್ಯಾಡ’ ಎನ್ನುತ್ತಾರೆ. ಅವರ ಮನಸ್ಸು ಒಳ್ಳೆಯದೇ ಇರಬಹುದು. ಆದರೆ ವರ್ಷದ ಮೇಲೆ ರಾಡು ತೆಗೆಸುವ ಖರ್ಚು ಆ ಲೆಕ್ಕದಲ್ಲಿ ಇರುವುದಿಲ್ಲ. ದೂರು ಕೊಡಲು ತಡವಾಯಿತು ಎಂಬ ಒಂದೇ ಕಾರಣಕ್ಕೆ ಕೇಸು ಬೀಳಬಾರದು ಎಂದು ಸುಪ್ರೀಂ ಕೋರ್ಟು 2011ರಲ್ಲೇ ಹೇಳಿದೆ. ಹಾಗಂತ ತಡ ಮಾಡುವುದು ಜಾಣತನವಲ್ಲ. 2022ರಲ್ಲಿ ಬಂದ ನಿಯಮದ ಪ್ರಕಾರ ಪೊಲೀಸರು 48 ಗಂಟೆಯೊಳಗೆ ಮೊದಲ ಅಪಘಾತ ವರದಿಯನ್ನೂ 90 ದಿನದೊಳಗೆ ವಿವರವಾದ ವರದಿಯನ್ನೂ ಪರಿಹಾರದ ನ್ಯಾಯಮಂಡಳಿಗೆ ಕೊಡಬೇಕು. ಠಾಣೆಗೆ ಹೋದಾಗ ಆ ವರದಿಗಳನ್ನು ಹೆಸರು ಹಿಡಿದು ಕೇಳು. ಎಫ್‌ಐಆರ್, ಸ್ಥಳ ಪಂಚನಾಮೆ, ನಕ್ಷೆ, ಗಾಯದ ಪ್ರಮಾಣಪತ್ರ, ಚಾರ್ಜ್‌ಶೀಟು, ಎಲ್ಲದರ ನಕಲು ಬೇಕು.

ಇನ್ನೊಂದು. ಗುದ್ದಿದ ಗಾಡಿಗೆ ಇನ್ಶುರೆನ್ಸ್ ಇಲ್ಲ, ಇರುವ ಗಾಡಿಯೊಂದನ್ನು ‘ಹೊಂದಿಸೋಣ’ ಎಂದು ಯಾರಾದರೂ ಬಂದಾರು. ಅವರನ್ನು ಹೊಸ್ತಿಲು ದಾಟಗೊಡಬೇಡ. ಸಿಕ್ಕಿಬಿದ್ದರೆ ಪರಿಹಾರ ಹೋಗುವುದಷ್ಟೇ ಅಲ್ಲ, ಗಾಯಾಳುವೇ ಆರೋಪಿಯಾಗುತ್ತಾನೆ. ಗುದ್ದಿದ ಗಾಡಿ ಸಿಗದೇ ಹೋದರೂ ಬರಿಗೈಯಲ್ಲ: ಭಾರಿ ಗಾಯಕ್ಕೆ 50,000, ಸಾವಿಗೆ 2 ಲಕ್ಷ ರೂಪಾಯಿ ಕೊಡುವ ಕೇಂದ್ರದ ಯೋಜನೆ ಇದೆ. ಡ್ರೈವರನಿಗೆ ಲೈಸನ್ಸ್ ಇಲ್ಲವೆಂದು ಕಂಪನಿ ತಕರಾರು ತೆಗೆದರೂ ಎದೆಗುಂದಬೇಡ. ಮೊದಲು ಗಾಯಾಳುವಿಗೆ ಕೊಟ್ಟು, ಆಮೇಲೆ ಮಾಲೀಕನಿಂದ ವಸೂಲು ಮಾಡಿಕೊಳ್ಳಿ ಎಂದು ಕೋರ್ಟುಗಳು ಕಂಪನಿಗೆ ಹೇಳುವುದುಂಟು. ನಮ್ಮ ವಾಯವ್ಯ ಸಾರಿಗೆಯ ಬಸ್ಸು ಗುದ್ದಿದ್ದರೆ ಲೆಕ್ಕ ಬೇರೆ. ಅಲ್ಲಿ ಕೇಸು ನೇರವಾಗಿ ಸಂಸ್ಥೆಯ ಮೇಲೆಯೇ. ತೊಡಕಿರುವುದು ಟ್ರ್ಯಾಕ್ಟರಿನ ಟ್ರೇಲರಿನಲ್ಲಿ ಮಂದಿ ತುಂಬಿಕೊಂಡು ಬನಶಂಕರಿ ಜಾತ್ರೆಗೆ ಹೋಗುವವರದು. ಒಕ್ಕಲುತನಕ್ಕೆಂದು ಮಾಡಿಸಿದ ಪಾಲಿಸಿ ಟ್ರೇಲರಿನಲ್ಲಿ ಕೂತವರಿಗೆ ಅನ್ವಯಿಸದು ಎಂದು ಕಂಪನಿ ಹೇಳುತ್ತದೆ, ಎಷ್ಟೋ ಸಲ ಅದೇ ಗೆಲ್ಲುತ್ತದೆ. ಬಾದಾಮಿ ಕಡೆಯ ನಿನ್ನ ಗೆಳೆಯರಿಗೆ ಜಾತ್ರೆಯ ಹುಣ್ಣಿಮೆಗೆ ಮೊದಲೇ ಇದನ್ನು ಹೇಳಿಬಿಡು.

ಈಗ ಮುಖ್ಯವಾದದ್ದು. ನಿಮ್ಮಪ್ಪನ ವಯಸ್ಸು 44. ತಿಂಗಳಿಗೆ 12,000 ದುಡಿಯುತ್ತಿದ್ದ ಎಂದಿಟ್ಟುಕೋ. ಸುಪ್ರೀಂ ಕೋರ್ಟು 2009ರಲ್ಲಿ ಸರಳಾ ವರ್ಮಾ ಪ್ರಕರಣದಲ್ಲಿ ಹಾಕಿಕೊಟ್ಟ ಪಟ್ಟಿಯಂತೆ ಆ ವಯಸ್ಸಿನ ಗುಣಕ 14. ವರ್ಷದ ದುಡಿಮೆಯನ್ನು 14ರಿಂದ ಗುಣಿಸಿ, ಅದರಲ್ಲಿ ಊನ ಶೇಕಡಾ ಎಷ್ಟೋ ಅಷ್ಟು ಪಾಲು ತೆಗೆಯುತ್ತಾರೆ. ಡಾಕ್ಟರು ಎಡಗಾಲಿಗೆ ಶೇ. 30ರಷ್ಟು ಊನ ಎಂದು ಬರೆದರೆ, ಇಡೀ ಮೈಗೆ ಅದರ ಮೂರನೇ ಒಂದು ಪಾಲು, ಅಂದರೆ ಶೇ. 10 ಎಂದು ಹಿಡಿಯುವುದು ನಮ್ಮ ಕಡೆಯ ರೂಢಿ. ಆಗ ಬರುವುದು 2,01,600. ದುಡಿಮೆಯ ನಷ್ಟವೇ ಶೇ. 30 ಎಂದು ಸಾಬೀತಾದರೆ 6,04,800. ಕಾಲು ಒಂದೇ, ರಾಡೂ ಒಂದೇ. ನಾಲ್ಕು ಲಕ್ಷಕ್ಕೂ ಮೀರಿದ ಅಂತರ ನೋಡು. ಚಿಕಿತ್ಸೆಯ ಖರ್ಚು, ನೋವಿನ ಪರಿಹಾರ, ಮಲಗಿದ್ದ ತಿಂಗಳುಗಳ ಕೂಲಿ ಇದರ ಹೊರಗೆ.

ಎಲುಬಿನ ಊನ ಬೇರೆ, ದುಡಿಮೆಯ ಊನ ಬೇರೆ ಎಂದು 2010ರ ಅಕ್ಟೋಬರಿನಲ್ಲಿ ರಾಜಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಬಿಡಿಸಿ ಹೇಳಿದೆ. ಎಡಗೈ ಕಳೆದುಕೊಂಡ ಬಡಗಿ ತನ್ನ ಕಸುಬನ್ನೇ ಕಳೆದುಕೊಂಡಂತೆ, ಗುಮಾಸ್ತನಾದರೆ ಕೆಲಸ ಉಳಿಯಬಹುದು. ಹಾಗಾದರೆ ಇಳಕಲ್ಲಿನ ನೇಕಾರನ ಮೊಣಕಾಲಿಗೆ ಏನು ಬೆಲೆ? ಅದನ್ನು ಬೆಂಗಳೂರಿನ ಪುಸ್ತಕ ಹೇಳಲಾರದು, ನೀವೇ ಹೇಳಬೇಕು. ಕುಣಿಮಗ್ಗದಲ್ಲಿ ನೇಕಾರ ನೆಲಕ್ಕೆ ಕೂತು ಕಾಲೆರಡನ್ನೂ ಕುಣಿಯೊಳಗೆ ಬಿಟ್ಟಿರುತ್ತಾನೆ. ಕೈಯಲ್ಲಿ ಲಾಳಿ ಓಡಿದಂತೆಲ್ಲ ಕೆಳಗೆ ಕಾಲು ತುಳಿಯುತ್ತಲೇ ಇರಬೇಕು, ಬೆಳಿಗ್ಗೆಯಿಂದ ಸಂಜೆಯವರೆಗೆ. ಒಡಲಿನ ಎಳೆಗೂ ಸೆರಗಿನ ರೇಷ್ಮೆ ಎಳೆಗೂ ಕೊಂಡಿ ಹಾಕುವಾಗ ಗಂಟೆಗಟ್ಟಲೆ ಬಾಗಿ ಕೂರಬೇಕು. ಮಡಚಲಾಗದ ಮೊಣಕಾಲು ಅಂಗಡಿಯ ಗಲ್ಲೆಯ ಮೇಲೆ ಕೂರುವವನಿಗೆ ಸಣ್ಣ ತೊಂದರೆ. ಕುಣಿಗೆ ಇಳಿಯಬೇಕಾದವನಿಗೆ ಹೊಟ್ಟೆಪಾಡಿನ ಪ್ರಶ್ನೆ. ಇದನ್ನು ಅರ್ಜಿಯಲ್ಲಿ ಹೀಗೆಯೇ ಬರೆಸು. ಮಗ್ಗದ ಮೇಲೆ ಕೂತ ಹಳೆಯ ಫೋಟೋ ಇದ್ದರೆ ಕೊಡು. ‘ಅರ್ಜಿದಾರನು ಕೂಲಿ ಕೆಲಸಗಾರ’ ಎಂದು ವಕೀಲರು ಒಂದು ಸಾಲು ಬರೆದು ಮುಗಿಸಿದರೆ ಸುಮ್ಮನಿರಬೇಡ.

ಊನದ ಪ್ರಮಾಣಪತ್ರವನ್ನು ಆಪರೇಷನ್ ಮಾಡಿದ ಡಾಕ್ಟರಿಂದಲೇ ತೆಗೆದುಕೋ, ಎಲುಬು ಕೂಡಿದ ಮೇಲೆ. ಗಾಯಾಳುವನ್ನು ಮುಟ್ಟಿಯೂ ನೋಡದವರು ಧಾರಾಳವಾಗಿ ಬರೆದುಕೊಡುವ ಶೇಕಡಾವಾರು ಪತ್ರಗಳ ಬಗ್ಗೆ ಹುಷಾರಾಗಿರಿ ಎಂದು ಅದೇ ತೀರ್ಪು ನ್ಯಾಯಮಂಡಳಿಗಳಿಗೆ ಎಚ್ಚರಿಕೆ ಕೊಟ್ಟಿದೆ. ಹೆಚ್ಚು ಬರೆಸಿದರೆ ಹೆಚ್ಚು ಸಿಗುತ್ತದೆ ಎಂಬ ಆಸೆ ಪಾಟೀಸವಾಲಿನಲ್ಲಿ ಕರಗಿಹೋಗುತ್ತದೆ.

ಆದಾಯಕ್ಕೆ ಪುರಾವೆ ಎಲ್ಲಿ ಎನ್ನುತ್ತೀಯ. ಸಾವಕಾರರು ಸೀರೆಯ ಲೆಕ್ಕ ಬರೆಯುವ ವಹಿ, ನೇಕಾರರ ಗುರುತಿನ ಚೀಟಿ, ಸರ್ಕಾರದ ನೇಕಾರ ಸಮ್ಮಾನ್ ಯೋಜನೆಯ ಹಣ ಬಂದ ಬ್ಯಾಂಕ್ ಪಾಸ್‌ಬುಕ್ಕು, ಇವೆಲ್ಲ ಕಸುಬಿನ ಸಾಕ್ಷಿಗಳೇ. ಸಾವಕಾರರು ಕೋರ್ಟಿಗೆ ಬರಲು ಹಿಂಜರಿದಾರು, ಮೆಲ್ಲಗೆ ಒಪ್ಪಿಸು. ಇನ್ನು ನಿಮ್ಮವ್ವ. ಮನೆಯಲ್ಲಿ ಕಂಡಿಕೆ ಸುತ್ತಿಕೊಡುವವಳು ಅವಳೇ ಅಲ್ಲವೇ? ಈಗ ಆಕೆ ಅದನ್ನು ಬಿಟ್ಟು ದವಾಖಾನೆಯಲ್ಲಿ ಕೂತಿದ್ದಾಳೆ. ಶುಶ್ರೂಷೆಗೆ ನಿಂತವರ ಲೆಕ್ಕವನ್ನೂ ಕೇಳಬಹುದು. ನಮ್ಮ ಮನೆಗಳಲ್ಲಿ ಹೆಂಗಸರ ದುಡಿಮೆಯನ್ನು ಯಾರೂ ಎಣಿಸುವುದಿಲ್ಲ, ಕೋರ್ಟು ಎಣಿಸಲು ಒಪ್ಪಿದಾಗಲೂ ನಾವೇ ಹೇಳುವುದನ್ನು ಮರೆಯುತ್ತೇವೆ.

ಕೇಸು ಹಾಕಲು ದೂರ ಅಲೆಯಬೇಕಿಲ್ಲ. ಅಪಘಾತ ಪುಣೆಯಲ್ಲೇ ಆಗಿದ್ದರೂ ಗಾಯಾಳು ವಾಸವಿರುವ ಊರಿನ ವ್ಯಾಪ್ತಿಯ ನ್ಯಾಯಮಂಡಳಿಯಲ್ಲಿ ಹಾಕಬಹುದು. ತೀರ್ಪು ಒಪ್ಪಿಗೆಯಾಗದಿದ್ದರೆ ಮೇಲ್ಮನವಿ ಧಾರವಾಡದ ಹೈಕೋರ್ಟ್ ಪೀಠಕ್ಕೆ, 90 ದಿನದೊಳಗೆ. ಅರ್ಜಿ ಯಾವಾಗ ಹಾಕಿದರೂ ನಡೆಯುತ್ತದೆ ಎನ್ನುವವರ ಮಾತು ಹಳೆಯ ಕಾಲದ್ದು; 2022ರ ಏಪ್ರಿಲ್ 1ರಿಂದ ಆರು ತಿಂಗಳ ಗಡುವು ಕಾಯ್ದೆಯಲ್ಲಿ ಮತ್ತೆ ಬಂದಿದೆ. ಅದರ ಮೇಲೆ ಸುಪ್ರೀಂ ಕೋರ್ಟಿನಲ್ಲಿ ತಕರಾರು ನಡೆದಿದೆ, ನಡೆಯಲಿ; ನೀನು ಆರು ತಿಂಗಳೊಳಗೇ ಹಾಕು.

ವಾರ್ಡಿನ ಬಾಗಿಲಲ್ಲಿ ‘ಖರ್ಚೆಲ್ಲ ನಮ್ಮದು, ಬಂದದ್ದರಲ್ಲಿ ಇಷ್ಟು ಪಾಲು’ ಎನ್ನುವವನು ಸಿಗುತ್ತಾನೆ. ಗೆದ್ದ ಹಣದಲ್ಲಿ ಪಾಲು ಕೇಳುವುದು ವಕೀಲರಿಗೇ ಅವರ ನಿಯಮದಲ್ಲಿ ನಿಷಿದ್ಧ, ಮಧ್ಯವರ್ತಿಗೆ ಎಲ್ಲಿಯ ಹಕ್ಕು? ಖಾಲಿ ಕಾಗದಕ್ಕೆ ಸಹಿಯಾಗಲಿ ಹೆಬ್ಬೆಟ್ಟಾಗಲಿ ಬೇಡ. ವಕೀಲರನ್ನು ಹಿಡಿಯುವ ಶಕ್ತಿ ಇಲ್ಲದಿದ್ದರೆ ಕೋರ್ಟಿನ ಆವರಣದಲ್ಲೇ ತಾಲೂಕು ಕಾನೂನು ಸೇವಾ ಸಮಿತಿ ಇದೆ, ಫೋನು 15100. ಲೋಕ ಅದಾಲತ್‌ಗೆ ಕರೆದರೆ ಹೋಗು, ದುಡ್ಡು ಬೇಗ ಬರುತ್ತದೆ. ಆದರೆ ಅಲ್ಲಿ ಸಹಿ ಹಾಕಿದ ಮೇಲೆ ಮೇಲ್ಮನವಿ ಇಲ್ಲ. ಆದ್ದರಿಂದ ರಾಡು ತೆಗೆಸುವ ಖರ್ಚು ಎಷ್ಟಾಗಬಹುದೆಂದು ಡಾಕ್ಟರಿಂದ ಮೊದಲೇ ಬರೆಸಿಕೊಂಡು, ಆ ಕಾಗದ ಕೈಯಲ್ಲಿ ಹಿಡಿದೇ ಒಳಗೆ ಹೋಗು.

ಸದ್ಯಕ್ಕೆ ಇಷ್ಟು ಮಾಡು: ಔಷಧ ಅಂಗಡಿಯ ರಸೀದಿಗಳನ್ನು ದಿನದಿನವೇ ಜೆರಾಕ್ಸ್ ಮಾಡಿಸು, ಆ ನುಣುಪು ಕಾಗದದ ಅಕ್ಷರ ಕೆಲವೇ ತಿಂಗಳಲ್ಲಿ ಅಳಿಸಿಹೋಗುತ್ತದೆ. ಎಕ್ಸ್‌ರೇ ಫಿಲ್ಮು ಮಡಚಬೇಡ. ದವಾಖಾನೆಗೆಂದು ಬಾಗಲಕೋಟೆಗೆ ಹೋಗಿಬರುವ ಗಾಡಿ ಬಾಡಿಗೆಗೂ ಚೀಟಿ ಕೇಳು, ಡ್ರೈವರ್ ನಕ್ಕರೂ ಚಿಂತೆಯಿಲ್ಲ. ಎಲ್ಲವನ್ನೂ ತಾರೀಖಿನಂತೆ ಒಂದು ಫೈಲಿಗೆ ಹಾಕಿ, ಮೂಲಪ್ರತಿಯನ್ನು ಯಾರ ಕೈಗೆ ಕೊಟ್ಟರೂ ಅವರಿಂದ ಸ್ವೀಕೃತಿ ಬರೆಸಿಕೋ, ನನ್ನ ಕೈಗೆ ಕೊಟ್ಟರೂ ಸಹ.