ಆಣೆ ಹೋಗಿ ಪೈಸೆ ಬಂದಾಗ

ಕೆಲಸದಲ್ಲಾಗಲಿ, ಮನೆಯಲ್ಲಾಗಲಿ, ರೂಢಿಯಾದದ್ದನ್ನು ಬಿಡಬೇಕೆಂದರೆ ಯಾರಿಗೂ ಕಸಿವಿಸಿಯೇ. ನಿಮ್ಮ ಗುಂಪಿನಲ್ಲಿ ಎಂಬತ್ತು ದಾಟಿದ ಅಜ್ಜ-ಅಜ್ಜಿ ಇದ್ದರೆ ಆಣೆ ಲೆಕ್ಕದ ಬಗ್ಗೆ ಕೇಳಿ ನೋಡಿ. ಆಗ ರೂಪಾಯಿಗೆ 16 ಆಣೆ, ಆಣೆಗೆ 4 ಪೈಸೆ, ಒಟ್ಟು 64 ಪೈಸೆ. 1957ರ ಏಪ್ರಿಲ್ 1ರಿಂದ ರೂಪಾಯಿಗೆ 100 ನಯಾ ಪೈಸೆ ಎಂದಾಯಿತು. ಅಂಗಡಿಯವರು, ಗುಮಾಸ್ತರು, ಸಂತೆಗೆ ಹೋಗುವವರು ಎಲ್ಲರೂ ಬಾಯಿಪಾಠವಾಗಿದ್ದ ಲೆಕ್ಕವನ್ನೇ ಬದಲಿಸಿಕೊಳ್ಳಬೇಕಾಯಿತು.

ಒಂದಾಣೆಗೆ ಹೊಸ ಲೆಕ್ಕದಲ್ಲಿ ಆರೂಕಾಲು ಪೈಸೆ. ಕಾಲು ಪೈಸೆ ನಾಣ್ಯ ಎಲ್ಲಿಂದ ತರೋದು? ಆರೇ ಸಿಗುತ್ತಿತ್ತು. 'ಕಾಲು ಹೋಯ್ತಲ್ಲಪ್ಪಾ' ಎಂಬ ಗೊಣಗಾಟವನ್ನು ಬರೀ ಹಟ ಎನ್ನುವಂತಿಲ್ಲ, ಅದರಲ್ಲಿ ನ್ಯಾಯವಿತ್ತು.

ಆದರೆ ರೂಪಾಯಿಯ ಬೆಲೆ ಬದಲಾಗಲಿಲ್ಲ. ಹಳೆಯ ನಾಣ್ಯಗಳೂ ಕೆಲಕಾಲ ಹೊಸದರ ಜೊತೆಯಲ್ಲೇ ಓಡಾಡಿದವು. ನಾಲ್ಕಾಣೆ ಅಂದರೆ ಸರಿಯಾಗಿ 25, ಎಂಟಾಣೆ ಅಂದರೆ 50. ಅಲ್ಲಿ ಚಿಲ್ಲರೆ ಜಗಳವೇ ಇಲ್ಲ. ಗೊತ್ತಿದ್ದ ಆ ಎರಡು ಮೆಟ್ಟಿಲ ಮೇಲೆ ಕಾಲಿಟ್ಟೇ ಜನ ಹೊಸ ಲೆಕ್ಕಕ್ಕೆ ಹತ್ತಿದರು. 1964ರಲ್ಲಿ 'ನಯಾ' ಎಂಬ ಪದವನ್ನೂ ಕೈಬಿಟ್ಟರು, ಅದು ಬರೀ ಪೈಸೆ ಆಯಿತು.

25 ಪೈಸೆ ನಾಣ್ಯದ ಚಲಾವಣೆ 2011ರಲ್ಲಿ ನಿಂತಿತು. ಅಲ್ಲಿಯವರೆಗೂ ಹುಂಡಿಗೆ ಅದನ್ನು ಹಾಕುವ ಹಿರಿಯರ ಬಾಯಲ್ಲಿ ಅದು ನಾಲ್ಕಾಣೆಯೇ.